ಒಂದೊಂದೇ ಅಂಕಿ ಇಳಿದ ನೋವು

23 ಆಗಸ್ಟ್ 2025, ಶನಿವಾರ. ಅಂಕೋಲಾ

ಹನ್ನೆರಡು ವಾರ ಮುಗಿದವು. ಕೊನೆಯ ಅಳತೆಯ ಹಾಳೆಯನ್ನು ಮಂಗಲಾ ಮೇಜಿನ ಮೇಲೆ ಇಟ್ಟಾಗ ಅದನ್ನು ತಿರುಗಿಸಿ ನೋಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಲವತ್ತು ಮಂದಿ ಮೀನು ಮಾರುವ ಹೆಂಗಸರು, ಎಂಬತ್ತು ಮೊಣಕಾಲು. ಮೊದಲ ಅಳತೆಯಲ್ಲಿ ಸರಾಸರಿ ಹತ್ತಕ್ಕೆ ಎಂಟು ಇದ್ದ ನೋವು ಇವತ್ತು ಮೂರಕ್ಕೆ ಬಂದಿದೆ. ಗುಳಿಗೆಯಿಲ್ಲ, ಸೂಜಿಯಿಲ್ಲ, ಕರೆಂಟಿಲ್ಲ.

ಇಪ್ಪತ್ತು ವರ್ಷ ನಾನು ಕರೆಂಟನ್ನೇ ಕೊಟ್ಟವಳು. ನಮ್ಮ ಊರಿನ ಕಡೆ ಫಿಸಿಯೋಥೆರಪಿ ಎಂದರೆ ಅದೇ. ಮೊಣಕಾಲಿಗೆ ಪಟ್ಟಿ ಸುತ್ತಿ, ಗುಂಡಿ ಒತ್ತಿ, ಜುಮ್ಮೆನ್ನುತ್ತಿದೆಯೇ ಎಂದು ಕೇಳುವುದು. ನಲವತ್ತೈದನೆಯ ವಯಸ್ಸಿನಲ್ಲಿ ಸ್ನಾತಕೋತ್ತರ ಓದಲು ಮಂಗಳೂರಿಗೆ ಹೋದಾಗ ಗೊತ್ತಾಯಿತು, ನಾನು ಅಷ್ಟು ಶ್ರದ್ಧೆಯಿಂದ ಮಾಡಿದ್ದಕ್ಕೆ ಪುರಾವೆ ಎಂಬುದು ಎಷ್ಟು ತೆಳು ಎಂದು. ವ್ಯಾಯಾಮಕ್ಕೆ ಮಾತ್ರ ಗಟ್ಟಿಯಾದ ಪುರಾವೆಯಿದೆ. ಕಾರವಾರದ ನನ್ನ ಕ್ಲಿನಿಕ್ಕಿಗೆ ವಾಪಸು ಬಂದು ಯಂತ್ರಕ್ಕೆ ಬಟ್ಟೆ ಮುಚ್ಚಿದೆ. ರೋಗಿಗಳು ಯಂತ್ರ ಇರುವ ಕಡೆ ಹೋದರು. ಒಂದು ವರ್ಷ ಖಾಲಿ ಕೋಣೆಯಲ್ಲಿ ಕುಳಿತೆ. ಆ ಮಧ್ಯಾಹ್ನಗಳಲ್ಲಿ ಮಂಗಲಾಳಿಗೆ ಕವಿತೆ ಓದಿ ಹೇಳುತ್ತಿದ್ದೆ. ಹದಿನಾರು ವರ್ಷದಿಂದ ನನ್ನ ಜೊತೆಗಿರುವ ಸಹಾಯಕಿ, ಮನೆಮಾತು ಕೊಂಕಣಿ. ಕೇಳಿ ಮುಗಿದ ಮೇಲೆ "ಲಾಯ್ಕ ಅದೆ ನೀತಾಬಾಯಿ" ಎಂದು ಮೆಚ್ಚುವಳು.

ಈಗ ಅಲ್ಲಿಯ ಒಂದು ಆಸ್ಪತ್ರೆಯ ಟ್ರಸ್ಟಿನವರು ಕೊಟ್ಟ ಹಿಂಬದಿಯ ಹಾಲ್‌ನಲ್ಲಿ ಬುಧವಾರ, ಶನಿವಾರ ವ್ಯಾಯಾಮದ ತರಗತಿ. ಸೆಪ್ಟೆಂಬರ್ ಮೂವತ್ತರೊಳಗೆ ವರದಿ ಕೊಡಬೇಕು. ಉಪಯೋಗ ಕಂಡರೆ ತರಗತಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಆ ಹಾಲ್ ಬೇರೆಯವರಿಗೆ ಕೊಡುತ್ತಾರೆ. ಕಾರ್ಯದರ್ಶಿ ಮೊದಲ ದಿನವೇ ಹಾಗೆ ಹೇಳಿದ್ದರು, ನನಗೆ ಅದು ಸರಿಯೆಂದೇ ತೋರಿತ್ತು. ಪುರಾವೆ ಕೇಳುವವರನ್ನು ನಾನು ಹೇಗೆ ಆಕ್ಷೇಪಿಸಲಿ?

ನೋವಿನ ಅಂಕಿಯನ್ನು ನಾನೇ ಕೇಳಲಿಲ್ಲ. ಡಾಕ್ಟರು ಎದುರಿಗಿದ್ದರೆ ದಾಕ್ಷಿಣ್ಯಕ್ಕೆ ಕಡಿಮೆ ಹೇಳುತ್ತಾರೆ ಎಂದು ಓದಿದ್ದೆ. ಆದ್ದರಿಂದ ಆ ಹೊತ್ತಿಗೆ ನಾನು ಹೊರಗೆ ಹೋಗುತ್ತಿದ್ದೆ, ಮಂಗಲಾ ಅವರವರ ಭಾಷೆಯಲ್ಲಿ ಕೇಳಿ ಬರೆಯುತ್ತಿದ್ದಳು. ಈ ವ್ಯವಸ್ಥೆಯ ಬಗ್ಗೆ ನನಗೆ ಹೆಮ್ಮೆಯಿದೆ, ಬರೆದಿಡುತ್ತೇನೆ.

ಸೇರಿದ್ದು ನಲವತ್ತೊಂದು ಮಂದಿ. ಎರಡನೆಯ ಅಳತೆಗೆ ಮೊದಲೇ ಒಬ್ಬಳು ನೋವು ಹೆಚ್ಚಾಗಿದೆ ಎಂದಳು. ನಿಯಮದಂತೆ ಅವಳ ಹೆಸರು ತೆಗೆದು ಹುಬ್ಬಳ್ಳಿಯ ಎಲುಬಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ಉಳಿದವರೆಲ್ಲ ಇಳಿದರು. ಹದಿನೇಳನೆಯ ಕೇಸು, ಬೆಳಂಬಾರದಿಂದ ಬರುವ ಐವತ್ತೆಂಟರ ಹೆಂಗಸು, ಒಂಬತ್ತರಿಂದ ನಾಲ್ಕಕ್ಕೆ ಬಂದಿದ್ದಾಳೆ.

ಅಂಕೋಲಾದ ಮನೆಗೆ ಮರಳುವ ಬಸ್ಸಿನಲ್ಲಿ ಅರ್ಗಾದ ನೌಕಾನೆಲೆಯ ಗೋಡೆ ಮುಗಿಯುವವರೆಗೂ ಒಬ್ಬಳೇ ನಗುತ್ತಿದ್ದೆ. ಪಕ್ಕದವಳು ತನ್ನ ಚೀಲವನ್ನು ಆಚೆ ಸರಿಸಿಕೊಂಡಳು.

31 ಆಗಸ್ಟ್, ಭಾನುವಾರ

ಚೌತಿಯ ಗದ್ದಲದಲ್ಲಿ ಏನೂ ಬರೆದಿರಲಿಲ್ಲ. ಕೋಷ್ಟಕಗಳನ್ನು ವಿಕಾಸನಿಗೆ ಕಳಿಸಿದ್ದೆ. ಮಂಗಳೂರಿನಲ್ಲಿ ನನ್ನ ಜೊತೆ ಓದಿದವನು, ನನಗಿಂತ ಹದಿನೆಂಟು ವರ್ಷ ಚಿಕ್ಕವನು, ಲೆಕ್ಕದಲ್ಲಿ ಗಟ್ಟಿಗ. ಇಂದು ಫೋನು ಮಾಡಿದ. ಹೊಗಳುತ್ತಾನೆಂದು ಕಾದೆ.

ಇಷ್ಟು ಸಮನಾಗಿ ಹೇಗೆ ಇಳಿಯಿತು ಮೇಡಂ ಎಂದು ಕೇಳಿದ. ಎಂಟು, ಏಳು, ಆರು, ಐದು, ನಾಲ್ಕು, ಮೂರು. ಒಂಬತ್ತರಿಂದ ಶುರುವಾದವರು ನಾಲ್ಕಕ್ಕೆ, ಏಳರಿಂದ ಶುರುವಾದವರು ಎರಡಕ್ಕೆ. ನಲವತ್ತರಲ್ಲಿ ಮೂವತ್ತಾರು ಮಂದಿ ಪ್ರತಿ ಸಲ ಒಂದೇ ಒಂದು ಅಂಕಿ ಇಳಿದಿದ್ದಾರೆ. ಯಾರೂ ನಿಂತಲ್ಲೇ ನಿಂತಿಲ್ಲ, ಒಬ್ಬಳೂ ಮೇಲೆ ಹೋಗಿಲ್ಲ.

"ಮಳೆಗಾಲದ ನಿಷೇಧ ಮುಗಿದು ಆಗಸ್ಟ್ ಒಂದಕ್ಕೆ ದೋಣಿಗಳು ಮತ್ತೆ ಸಮುದ್ರಕ್ಕೆ ಇಳಿದವಲ್ಲ ಮೇಡಂ. ಬುಟ್ಟಿ ಭಾರ ಆಗಿರ್ತದೆ. ಆಗಲಾದರೂ ಯಾರಿಗಾದರೂ ಹೆಚ್ಚಾಗಬೇಕಿತ್ತು."

ವ್ಯಾಯಾಮದ ಗುಣ ಎಂದೆ. ಇರಬಹುದು ಎಂದ. ಆ "ಇರಬಹುದು" ಮಧ್ಯಾಹ್ನದ ಊಟದ ತನಕ ಕಿವಿಯಲ್ಲಿತ್ತು. ಈ ಇಳಿಜಾರನ್ನು ನೋಡಿ ನಾನು ಎಷ್ಟು ಸಂತೋಷಪಟ್ಟಿದ್ದೆ! ಛಂದಸ್ಸು ತಪ್ಪದ ಪದ್ಯದ ಹಾಗಿದೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೂ ಇದ್ದೆ.

3 ಸೆಪ್ಟೆಂಬರ್, ಬುಧವಾರ

ಅಂಕಿ ಬರೆಯುವಾಗ ಏನಾದರೂ ಗೊಂದಲ ಆಗಿತ್ತೇ ಎಂದು ಮಂಗಲಾಳನ್ನು ಕೇಳಿದೆ. ಏನಿಲ್ಲ, ಅವರು ಹೇಳಿದ್ದು ಬರೆದೆ ಎಂದಳು. ಚಹಾ ತರುತ್ತೇನೆಂದು ಎದ್ದು ಹೋದಳು. ಚಹಾ ಆಗಲೇ ಮೇಜಿನ ಮೇಲಿತ್ತು.

6 ಸೆಪ್ಟೆಂಬರ್, ಶನಿವಾರ

ತರಗತಿಗೆ ಮೊದಲು ಮೀನುಪೇಟೆಗೆ ಹೋದೆ. ಇಷ್ಟು ವರ್ಷ ನನ್ನ ಮೀನನ್ನು ಮಂಗಲಾಳೇ ತಂದುಕೊಡುತ್ತಿದ್ದಳು; ನಾನು ಕಾರವಾರದ ಪೇಟೆಯ ಒಳಗೆ ಕಾಲಿಟ್ಟು ಎಷ್ಟು ಕಾಲವಾಯಿತೋ. ನೆಲವೆಲ್ಲ ನೀರು. ಹೆಂಗಸರು ಗೇಣೆತ್ತರದ ಮಣೆಯ ಮೇಲೆ, ಮೊಣಕಾಲನ್ನು ಎದೆಗೆ ತಾಗುವಷ್ಟು ಮಡಚಿ ಕುಳಿತಿದ್ದರು. ಪೇಟೆಯಲ್ಲಿ ಎಲ್ಲಿಯೂ ಒಂದು ಕುರ್ಚಿ ಕಾಣಲಿಲ್ಲ. ನನ್ನ ಮೂರನೆಯ ವ್ಯಾಯಾಮ ಕುರ್ಚಿಯಿಂದ ಏಳುವುದು.

ಸಾಲಿನ ತುದಿಯಲ್ಲಿ ಹದಿನೇಳನೆಯ ಕೇಸು ಕುಳಿತಿದ್ದಳು. ಅವಳು ನನ್ನನ್ನು ನೋಡಲಿಲ್ಲ. ಬಂಗಡೆ ಖಾಲಿಯಾಗಿತ್ತು, ಏಳಬೇಕಿತ್ತು. "ಏ ಮಂಜಿ, ತಡಿ" ಎಂದು ಇಬ್ಬರು ಬಂದು ಕಂಕುಳಿಗೆ ಕೈ ಹಾಕಿ ಎತ್ತಿದರು. ನಿಂತ ಮೇಲೆ ಅವಳು ಕಣ್ಣು ಮುಚ್ಚಿ, ಬುಟ್ಟಿಯನ್ನು ಹಿಡಿದುಕೊಂಡು, ಎದೆಯೊಳಗೆ ಏನೋ ಎಣಿಸುವವಳ ಹಾಗೆ ತುಂಬ ಹೊತ್ತು ಅಲುಗದೆ ನಿಂತಳು. ನಾಲ್ಕು ಎಂದು ಬರೆದುಕೊಂಡಿದ್ದೆವು ನಾವು. ನಾಲ್ಕು ಹೀಗಿರುವುದಿಲ್ಲ.

ಹೋಗಿ ಎದುರಿಗೆ ನಿಂತೆ. ಮೊದಲು ಗಾಬರಿಯಾದಳು, ಆಮೇಲೆ ನಕ್ಕಳು. ನೋವು ಎಷ್ಟಿದೆ, ನಿಜ ಹೇಳು ಎಂದೆ.

"ನಿಜ ಅಂದ್ರೆ ಡಾಕ್ಟರಬಾಯಿ, ಇದ್ದಷ್ಟೇ ಅದೆ."

ಹಾಗಾದರೆ ನಾಲ್ಕು ಎಂದು ಯಾಕೆ ಹೇಳಿದೆ ಎಂದು ಕೇಳಿದೆ. ಅವಳು ನನ್ನನ್ನು ಹೊಸ ಗಿರಾಕಿಯನ್ನು ನೋಡುವಂತೆ ನೋಡಿದಳು.

"ಮೊದಲು ಒಂಬತ್ತು ಹೇಳೂದು. ಮತ್ತೆ ಬಂದಾಗೆಲ್ಲ ಒಂದೊಂದು ಇಳಿಸೂದು. ಖಾಯಂ ಗಿರಾಕಿಗೆ ನಾವು ಇಳಿಸೂದಿಲ್ವಾ? ಒಮ್ಮೆಗೇ ಇಳಿಸಿದ್ರೆ ಸಂಶಯ ಬತ್ತದೆ." ಪಕ್ಕದವಳು ಸೆರಗು ಬಾಯಿಗಿಟ್ಟು ನಕ್ಕಳು. ಮಂಜಿ ಅವಳ ಮೊಣಕೈ ತಿವಿದು, ದನಿ ತಗ್ಗಿಸಿ ಹೇಳಿದಳು: "ಮಂಗಲಾ ಹೇಳ್ಕೊಟ್ಟಾಳೆ. ಬೆಂಚಿ ಮೇಲೆ ಕೂತಾಗ, ಒಳಗೆ ಹೋಗೂಕಿಂತ ಮೊದ್ಲು. ಹೋದ ಸಲಕ್ಕಿಂತ ಒಂದು ಕಮ್ಮಿ ಹೇಳಿ, ಡಾಕ್ಟರಬಾಯಿಗೆ ಬೇಜಾರು ಮಾಡ್ಬೇಡಿ ಅಂತ. ಅವಳಿಗೆ ಬಯ್ಬೇಡಿ ಮತ್ತೆ."

ಮೀನು ಕೊಂಡೆನೋ ಬಿಟ್ಟೆನೋ ನೆನಪಿಲ್ಲ. ಮನೆಗೆ ಬಂದಾಗ ಚೀಲದಲ್ಲಿ ಇರಲಿಲ್ಲ.

7 ಸೆಪ್ಟೆಂಬರ್, ಭಾನುವಾರ

ಮಂಗಲಾ. ಬೇರೆ ಯಾರಾದರೂ ಆಗಿದ್ದರೆ.

8 ಸೆಪ್ಟೆಂಬರ್, ಸೋಮವಾರ

ಬಾಗಿಲು ಹಾಕಿ ಕೇಳಿದೆ. ಕೂಗಾಡಬಾರದು ಎಂದು ಬಸ್ಸಿನಲ್ಲೇ ನಿಶ್ಚಯಿಸಿದ್ದೆ, ಕೂಗಾಡಲಿಲ್ಲ. ರಿಜಿಸ್ಟರನ್ನು ಅವಳ ಮುಂದೆ ಇಟ್ಟು, ಇದರಲ್ಲಿ ನಿಜವಾದ ಅಂಕಿ ಯಾವುದು, ತೋರಿಸು ಎಂದೆ.

ಅವಳು ಪುಟ ತಿರುಗಿಸಿ ಮೊದಲ ಅಳತೆಯ ಸಾಲಿನ ಮೇಲೆ ಬೆರಳಿಟ್ಟಳು. ಇದು ಮಾತ್ರ ಎಂದಳು. ಅಳುತ್ತಾಳೆ, ಇಲ್ಲವೆನ್ನುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

ಯಾಕೆ ಎಂದು ಕೇಳಿದೆ. ಗುಲಾಬಿಯ ಕಥೆ ಹೇಳಿದಳು. ಗುಲಾಬಿ ಎಂದರೆ ಯಾರು ಎಂದೆ. ನೋವು ಹೆಚ್ಚಾಗಿದೆ ಎಂದವಳು, ನಾನು ಹುಬ್ಬಳ್ಳಿಗೆ ಬರೆದುಕೊಟ್ಟವಳು. ಮರುದಿನವೇ ಪೇಟೆಯಲ್ಲಿ ಸುದ್ದಿಯಾಯಿತಂತೆ: ನೋವು ಹೆಚ್ಚಾಗಿದೆ ಎಂದರೆ ಡಾಕ್ಟರಬಾಯಿ ಹೊರಗೆ ಹಾಕುತ್ತಾರೆ, ಕಾಲು ಕೊಯ್ಯಲು ಕಳಿಸುತ್ತಾರೆ ಎಂದು. ಮುಂದಿನ ತರಗತಿಗೆ ಅರ್ಧಕ್ಕರ್ಧ ಜನ ಬರುವುದಿಲ್ಲ ಎಂದು ಕುಳಿತರು. ಮಂಗಲಾ ಮನೆಮನೆಗೆ ಹೋಗಿ ಕರೆದುಕೊಂಡು ಬಂದಳು. ಬಂದವರು ಬೆಂಚಿನ ಮೇಲೆ ಕುಳಿತು, ಒಳಗೆ ಏನು ಹೇಳಬೇಕು ಎಂದು ಅವಳನ್ನೇ ಕೇಳಿದರು.

ನನಗೆ ಹೇಳಬಹುದಿತ್ತಲ್ಲ ಎಂದೆ.

"ಹೇಗೆ ಹೇಳೂದು? ನೀವು ಮಂಗಳೂರಿಂದ ಬಂದ ಮೇಲೆ ನಗೂದೇ ಬಿಟ್ಟಿದ್ರಿ. ಖಾಲಿ ಕೋಣೆಯಲ್ಲಿ ಕೂತ್ಕಂಡು ಪುಸ್ತಕ ಓದೂದು, ಕಣ್ಣು ಒರೆಸ್ಕೊಳ್ಳೂದು. ಜೂನಲ್ಲಿ ಮೊದಲ ಸಲ ಅಂಕಿ ಇಳಿದಾಗ ನಕ್ಕಿದ್ರಿ ನೀವು. ಮತ್ತೆ ಮೇಲೆ ಬರಿಯೂಕೆ ನಂಗೆ ಕೈ ಏಳ್ಲಿಲ್ಲ, ನೀತಾಬಾಯಿ."

ನನಗಾಗಿಯಂತೆ. ಹಣಕ್ಕಾಗಿ ಮಾಡಿದ್ದರೆ, ಸೋಮಾರಿತನಕ್ಕೆ ಮಾಡಿದ್ದರೆ ನನಗೆ ಅದರ ಹೆಸರು ಗೊತ್ತಿರುತ್ತಿತ್ತು. ನನ್ನನ್ನು ಮಗುವಿನ ಹಾಗೆ ನೋಡಿಕೊಂಡಿದ್ದಾಳೆ. ನಲವತ್ತು ಮಂದಿ ಸೇರಿ ನನ್ನನ್ನು ಸಮಾಧಾನ ಮಾಡಿದ್ದಾರೆ. ಚಿಕಿತ್ಸೆ ಆದದ್ದು ಯಾರಿಗೆ?

"ನಿನ್ನನ್ನು ನಾನು ನಂಬಿದ್ದೆ" ಎಂದು ಮಾತ್ರ ಹೇಳಿದೆ. ಅವಳು ಚಹಾದ ಲೋಟಗಳನ್ನು ತೆಗೆದುಕೊಂಡು ಹೋಗಿ ತೊಳೆದಿಟ್ಟಳು. ಐದು ಗಂಟೆಗೆ ಹೇಳದೆ ಹೊರಟುಹೋದಳು.

10 ಸೆಪ್ಟೆಂಬರ್, ಬುಧವಾರ

ಮಂಗಲಾ ನಿನ್ನೆಯೂ ಇಲ್ಲ, ಇಂದೂ ಇಲ್ಲ. ಕೀಲಿಗಳನ್ನು ಪಕ್ಕದ ಔಷಧಿ ಅಂಗಡಿಯಲ್ಲಿ ಕೊಟ್ಟು ಹೋಗಿದ್ದಾಳೆ. ತರಗತಿ ನಡೆಸಲಿಲ್ಲ, ಬಾಗಿಲಿಗೆ ಚೀಟಿ ಅಂಟಿಸಿದೆ. ಓದಲು ಬರದವರಿಗೆ ಚೀಟಿ ಅಂಟಿಸಿದ್ದೇನೆ ಎಂದು ಬಸ್ಸು ಹತ್ತಿದ ಮೇಲೆ ಹೊಳೆಯಿತು.

14 ಸೆಪ್ಟೆಂಬರ್, ಭಾನುವಾರ

ಒಂದು ಸುಳ್ಳು ಇದ್ದಲ್ಲೇ ಇರುವುದಿಲ್ಲ. ಹಿಂದಕ್ಕೂ ಹೋಗುತ್ತದೆ. ಹದಿನಾರು ವರ್ಷದ ಅವಳ "ಲಾಯ್ಕ ಅದೆ"ಗಳನ್ನೆಲ್ಲ ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿಯುತ್ತಿದ್ದೇನೆ. ನಾನು ಒಯ್ದುಕೊಟ್ಟ ಹಾಗಲಕಾಯಿ ಗೊಜ್ಜು ಲಾಯ್ಕ. ನಾನು ಕತ್ತರಿಸಿಕೊಂಡ ಕೂದಲು ಲಾಯ್ಕ. ಮಳೆಗಾಲದ ಮಧ್ಯಾಹ್ನ ಓದಿ ಹೇಳಿದ ಕವಿತೆಗಳು, ಅರ್ಥ ಬಿಡಿಸಿ ಹೇಳಿದ ಸಾಲುಗಳು, ನಾನೇ ಬರೆದು ಯಾರಿಗೂ ತೋರಿಸದೆ ಅವಳಿಗೆ ಮಾತ್ರ ಓದಿದ ಎರಡು ಪದ್ಯಗಳು, ಎಲ್ಲವೂ. ಅವಳು ಆಗೆಲ್ಲ ಏನು ಯೋಚಿಸುತ್ತಿದ್ದಳು? ಯಾವಾಗ ಮುಗಿಸುತ್ತಾಳಪ್ಪ ಎಂದೇ?

ವಿಕಾಸನಿಗೆ ಎಲ್ಲ ಹೇಳಿದೆ. ಅವನು, ಟ್ರಸ್ಟಿನವರು ಸಂಖ್ಯಾಶಾಸ್ತ್ರ ಓದಿದವರೇ ಎಂದು ಕೇಳಿದ. ಅಲ್ಲ ಎಂದೆ. ಹಾಗಾದರೆ ಸರಾಸರಿ ಮಾತ್ರ ಕೊಡಿ ಮೇಡಂ, ವ್ಯಾಯಾಮದಿಂದ ಗುಣವಿದೆ ಎಂದು ಜಗತ್ತಿಗೇ ಗೊತ್ತಿದೆ, ನೀವೇನೂ ಇಲ್ಲದ್ದು ಹೇಳಿದಂತಾಗುವುದಿಲ್ಲ ಎಂದ. ಒಳ್ಳೆಯ ಹುಡುಗ. ಒಂದು ಕ್ಷಣ ನಾನೂ ಅದನ್ನು ಯೋಚಿಸಿದೆ. ಒಂದು ಕ್ಷಣವಲ್ಲ, ಶುಕ್ರವಾರ ಇಡೀ ದಿನ.

ಭಾಸ್ಕರನಿಗೆ ಹೇಳಿದ್ದು ಇಂದು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಜನರ ಗಡಿ ಅಳೆದವನು ನನ್ನ ಗಂಡ. ಪೇಪರು ಕೆಳಗಿಡದೆ ಕೇಳಿದ.

"ಜಮೀನಿನ ಯಜಮಾನನ ಕೈಗೆ ಅಳತೆ ಸರಪಳಿಯ ತುದಿ ಕೊಡೂದಿಲ್ಲ ನಾವು. ಅವನ ಹೆಂಡ್ತಿ ಕೈಗೂ ಕೊಡೂದಿಲ್ಲ, ಅವನ ಆಳಿನ ಕೈಗೂ ಕೊಡೂದಿಲ್ಲ. ನೀನು ಮಂಗಲಾ ಕೈಗೆ ಕೊಟ್ಟೆ."

ಮಂಗಲಾ ನನ್ನ ಆಳಲ್ಲ ಎಂದೆ. ಅದೇ ನಾ ಹೇಳೂದು ಎಂದು ಪೇಪರಿನ ಪುಟ ತಿರುಗಿಸಿದ. ಮೂವತ್ತು ವರ್ಷದಲ್ಲಿ ಇವನು ಕೊಟ್ಟ ಸಲಹೆಗಳಲ್ಲಿ ಸರಿಯಾದದ್ದು ಇದೊಂದೇ ಇರಬೇಕು, ಅದೂ ತಡವಾಗಿ.

17 ಸೆಪ್ಟೆಂಬರ್, ಬುಧವಾರ

ಚೀಟಿಯ ವಿಷಯ ಬಾಯಿಂದ ಬಾಯಿಗೆ ತಲುಪಿತ್ತು; ಇಂದು ತರಗತಿಯಿದೆ ಎಂಬುದನ್ನೂ ಹಾಗೆಯೇ ತಲುಪಿಸಿದೆ. ನಿನ್ನೆ ಪೇಟೆಗೆ ಹೋಗಿ ಮಂಜಿಗೆ ಹೇಳಿ ಬಂದಿದ್ದೆ. ಮೂವತ್ತೊಂಬತ್ತು ಮಂದಿ ಬಂದರು. ಗುಲಾಬಿಯನ್ನೂ ಕರೆಸಿದ್ದೆ, ಅವಳು ಬಾಗಿಲ ಹತ್ತಿರವೇ ನಿಂತಳು.

ನಾನು ನೆಲದ ಮೇಲೆ ಕುಳಿತು ಹೇಳಿದೆ. ನೀವು ಹೇಳಿದ ಅಂಕಿಗಳು ನಿಜವಲ್ಲ ಎಂದು ನನಗೆ ಗೊತ್ತಾಗಿದೆ, ಯಾರನ್ನೂ ಹೊರಗೆ ಹಾಕುವುದಿಲ್ಲ, ಯಾರ ಕಾಲನ್ನೂ ಕೊಯ್ಯಿಸುವುದಿಲ್ಲ. ಗುಲಾಬಿಯನ್ನು ಕಳಿಸಿದ ರೀತಿ ತಪ್ಪಾಯಿತು. ಇಷ್ಟು ಹೇಳಲು ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ, ನೋಡಲಿಲ್ಲ.

ಎಲ್ಲರೂ ಮಂಜಿಯ ಕಡೆ ನೋಡಿದರು.

"ಹಾಗಾರೆ ನಾನೂ ಹೇಳ್ತೆ" ಎಂದಳು ಅವಳು. "ಆ ಕುರ್ಚಿ ಕಸರತ್ತು ಎಂತಕ್ಕೆ ಬಂತು? ಕುರ್ಚಿ ಮೇಲೆ ಕೂರೂರಾಗಿದ್ರೆ ನಮ್ಗೆ ಮೊಣಕಾಲು ನೋವು ಯಾಕೆ ಬತ್ತಿತ್ತು? ಕಸರತ್ತಿಗೆ ಅಂತ ಕೊಟ್ಟ ಆ ರಬ್ಬರು ಪಟ್ಟಿ ನನ್ನ ಮೊಮ್ಮಗಳು ಜಡೆಗೆ ಕಟ್ಕಂಡು ಹೋಗಿದಾಳೆ. ಬೆಳಿಗ್ಗೆ ಮೂರು ಗಂಟೆಗೆ ಎದ್ದೋರಿಗೆ, ಸಂಜೆ ಹತ್ತು ಸಲ ಕಾಲೆತ್ತು ಅಂದ್ರೆ ನಿಂಗೆ ಪಾಪ ಬರೂದಿಲ್ವಾ?"

ಒಬ್ಬೊಬ್ಬರೇ ಶುರು ಮಾಡಿದರು. ಮನೆಯಲ್ಲಿ ಹೆಚ್ಚಿನವರು ಮಾಡಿಯೇ ಇಲ್ಲ ಎಂದು ಗೊತ್ತಾಯಿತು; ಮಾಡಿದವರು ಒಂಬತ್ತು ಮಂದಿ. ಅವರಲ್ಲಿ ಹೊನ್ನಮ್ಮ ಎಂಬವಳು ಮಾತ್ರ ದಿನಾ ಮಾಡಿದ್ದಾಳೆ, ಅವಳಿಗೆ ಸ್ವಲ್ಪ ಗುಣವೂ ಇದೆ; ಅದನ್ನು ಹೇಳಲು ಅವಳಿಗೆ ಉಳಿದವರ ಮುಂದೆ ನಾಚಿಕೆ. ಕೇಳುತ್ತಾ ಕುಳಿತ ನನಗೆ ಸಿಟ್ಟು ಬಂತು, ಎಲ್ಲರ ಮೇಲೂ. ಮೂರು ತಿಂಗಳು ನನ್ನ ಎದುರು ತಲೆಯಾಡಿಸಿದ ತಲೆಗಳು ಇವೇ.

ಆದರೂ ನೋವಿನ ಅಂಕಿ ಕೇಳುವುದನ್ನು ಬಿಟ್ಟು, ಪೇಟೆಯ ಮಣೆಯೊಂದನ್ನು ತರಿಸಿ, ಅರ್ಧ ನಿಮಿಷದಲ್ಲಿ ಅದರ ಮೇಲಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸಿದೆ. ಎದ್ದಷ್ಟು ಒಳ್ಳೆಯದು. ಇದರಲ್ಲಿ ದಾಕ್ಷಿಣ್ಯ ನಡೆಯುವುದಿಲ್ಲ. ಕಾಲು ಏಳಿಸಬೇಕು, ಇಲ್ಲವೇ ಬಿಡಬೇಕು. ಕುರ್ಚಿಯಿಂದ ಎದ್ದದ್ದನ್ನು ಜೂನಿನಲ್ಲಿ ಒಮ್ಮೆ ನಾನೇ ಎಣಿಸಿದ್ದೆ, ಅದನ್ನೂ ಮತ್ತೆ ಎಣಿಸಿದೆ.

ಮಂಜಿ ಮಣೆಯಿಂದ ಏಳು ಸಲ ಎದ್ದಳು. ಏಳನೆಯ ಸಲ ನನ್ನ ಹೆಗಲು ಹಿಡಿದಳು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದಿತ್ತು. ತೆಗೆದುಕೊಂಡೆ.

18 ಸೆಪ್ಟೆಂಬರ್, ಗುರುವಾರ

ಅಲ್ಲ, ಆರು. ತಿದ್ದಿದೆ.

20 ಸೆಪ್ಟೆಂಬರ್, ಶನಿವಾರ

ಕುರ್ಚಿಯ ಎಣಿಕೆಯನ್ನು ಜೂನಿನದರ ಜೊತೆ ಹೋಲಿಸಿ ನೋಡಿದೆ. ಹನ್ನೊಂದು ಮಂದಿಗೆ ಸ್ವಲ್ಪ ಹೆಚ್ಚು, ಇಪ್ಪತ್ತೆರಡು ಮಂದಿಗೆ ಇದ್ದಷ್ಟೇ, ಆರು ಮಂದಿಗೆ ಕಡಿಮೆ. ಇಷ್ಟೇ. ಇದು ನನ್ನ ಎರಡು ವರ್ಷದ ಓದು, ಮೂರು ತಿಂಗಳ ಬುಧವಾರ, ಶನಿವಾರ.

ಮಂಗಲಾ ಬಸ್‌ಸ್ಟ್ಯಾಂಡಿನ ಹತ್ತಿರದ ಹಲ್ಲಿನ ಡಾಕ್ಟರ ಬಳಿ ಕೆಲಸ ಕೇಳಿದ್ದಾಳೆ ಎಂದು ಹೊನ್ನಮ್ಮ ಹೇಳಿದಳು. ನಾನು ಕೇಳಿರಲಿಲ್ಲ. ಅಲ್ಲಿ ಯಾರೂ ಕವಿತೆ ಓದಿ ಕಾಡುವುದಿಲ್ಲ, ಹಾಯಾಗಿರಲಿ.

29 ಸೆಪ್ಟೆಂಬರ್, ಸೋಮವಾರ

ವರದಿ ಕೊಟ್ಟೆ. ಏಳು ಪುಟ. ಮೊದಲ ಪುಟದಲ್ಲೇ ಬರೆದೆ: ನೋವಿನ ಅಂಕಿಗಳನ್ನು ಸಂಗ್ರಹಿಸಿದ ಕ್ರಮದಲ್ಲಿ ದೋಷವಿದ್ದುದರಿಂದ ಅವನ್ನು ಕೈಬಿಡಲಾಗಿದೆ, ದೋಷ ನನ್ನದು. ಕೆಳಗೆ ಹನ್ನೊಂದು, ಇಪ್ಪತ್ತೆರಡು, ಆರು.

ಕಾರ್ಯದರ್ಶಿಯವರು ಅಲ್ಲೇ ಓದಿದರು. ಯಾವ ತರಹದ ದೋಷ ಎಂದು ಕೇಳಿದರು. ಅಂಕಿ ಬರೆದವರು ಯಾರು ಎಂದೂ ಕೇಳಿದರು. ಸಹಾಯಕರ ಮೇಲೆ ಆಗ ಕೆಲಸದ ಒತ್ತಡವಿತ್ತು, ಭಾಷೆಯ ತೊಡಕೂ ಇತ್ತು, ತರಬೇತಿ ಸಾಲದಾಯಿತು ಎಂದೆ. ಹೆಸರು ಹೇಳಲಿಲ್ಲ, ಅದರ ಅಗತ್ಯ ಕಾಣಲಿಲ್ಲ. ಅವರಿಗೂ ಬೇಸರವಾಗದಂತೆ, ಮುಂದಿನ ಸಲ ಫಲಿತಾಂಶ ಉತ್ತಮವಾಗುವ ಲಕ್ಷಣವಿದೆ ಎಂದು ಸೇರಿಸಿದೆ. ಅಂಥ ಲಕ್ಷಣ ಇದೆಯೋ ಇಲ್ಲವೋ.

ಹೊರಗೆ ಬಂದಾಗ ಮೈ ಹಗುರಾಗಬೇಕಿತ್ತು. ಹಾಗೇನೂ ಆಗಲಿಲ್ಲ, ಹಸಿವಾಗಿತ್ತು ಅಷ್ಟೆ. ಪೇಟೆಯಲ್ಲಿ ಮಂಜಿಯ ಹತ್ತಿರ ನೊಗ್ಲೆ ಮೀನು ಕೊಂಡೆ. ಅವಳು ಹೇಳಿದ ದರಕ್ಕೆ ನಾನು ತಲೆಯಾಡಿಸಿದೆ. ಹಾಗೆಲ್ಲ ಒಪ್ಪಬಾರದು, ಇಳಿಸು ಎನ್ನಬೇಕು ಎಂದು ನನಗೇ ಬೈದು, ತಾನೇ ಇಳಿಸಿಕೊಂಡು ಕೊಟ್ಟಳು.

8 ಅಕ್ಟೋಬರ್, ಬುಧವಾರ

ಆರು ತಿಂಗಳು. ಹಾಲ್ ಆರು ತಿಂಗಳು ನಮ್ಮದು, ವಾರಕ್ಕೆ ಒಂದು ದಿನ ಮಾತ್ರ. ಷರತ್ತು ಒಂದೇ: ಅಳತೆಯನ್ನು ನನ್ನ ಕಡೆಯವರು ಯಾರೂ ತೆಗೆಯಬಾರದು, ಆ ಹೊತ್ತಿಗೆ ನಾನು ಒಳಗೂ ಇರಬಾರದು. ಕಾರ್ಯದರ್ಶಿಯವರು ಅದನ್ನು ಹೇಳುವಾಗ ಸ್ವಲ್ಪ ಸಂಕೋಚಪಟ್ಟರು. ಅವರಿಗೆ ನನ್ನ ಮೇಲೆ ನಂಬಿಕೆಯಿಲ್ಲ ಎಂದು ಅರ್ಥ. ಇರಬೇಕಾದ್ದೂ ಇಲ್ಲ.

ಯಾರು ಎಣಿಸಬೇಕು ಎಂದು ಹೆಂಗಸರನ್ನೇ ಕೇಳಿದೆ. ದೊಡ್ಡ ಜಗಳವಾಯಿತು. ಕೊನೆಗೆ ಎಲ್ಲರೂ ಒಪ್ಪಿದ್ದು ಗುಲಾಬಿಯನ್ನು. ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ, ಒಂದು ಅಂಕಿಯನ್ನೂ ಬಿಟ್ಟುಕೊಡುವವಳಲ್ಲ. ಮಂಜಿಯ ಮೊಮ್ಮಗಳು ರಬ್ಬರು ಪಟ್ಟಿ ವಾಪಸು ಕೊಟ್ಟಿದ್ದಾಳೆ, ಆದರೆ ನಾವು ಅದನ್ನೂ ಕುರ್ಚಿಯನ್ನೂ ಬಿಟ್ಟೆವು. ಈಗ ವ್ಯಾಯಾಮ ಪೇಟೆಯಲ್ಲೇ, ಗಿರಾಕಿ ಇಲ್ಲದ ಹೊತ್ತಿಗೆ, ಎರಡು ಮಣೆ ಒಂದರ ಮೇಲೊಂದಿಟ್ಟು ಏಳುವುದು. ವಾರ ಕಳೆದಂತೆ ಒಂದು ಮಣೆ ತೆಗೆಯಬೇಕು. ಮಣೆ ಪೇರಿಸುವುದು ಹೊನ್ನಮ್ಮನ ಯೋಚನೆ. ಯಾವ ಪುಸ್ತಕದಲ್ಲೂ ಇದನ್ನು ಓದಿಲ್ಲ. ಇದಕ್ಕೂ ಪುರಾವೆ ಹುಡುಕಬೇಕು.

12 ನವೆಂಬರ್, ಬುಧವಾರ

ಇಂದು ಅಳತೆಯ ದಿನ. ಗುಲಾಬಿ ಬಾಗಿಲು ಹಾಕಿಕೊಂಡಳು. ನಾನು ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದೆ. ಹತ್ತೂವರೆಗೆ ಮಂಗಲಾ ಬಂದಳು.

ಎರಡು ತಿಂಗಳ ಮೇಲೆ. ಸ್ವಲ್ಪ ಇಳಿದಿದ್ದಾಳೆ. ಹಲ್ಲಿನ ಡಾಕ್ಟರು ಕೆಲಸಕ್ಕೆ ಸೇರಿಸಿಕೊಂಡಿದ್ದಾರೆ, ಕಾಯಂ ಮಾಡಲು ಹಳೆಯ ಕಡೆಯಿಂದ ಅನುಭವದ ಪತ್ರ ತರಬೇಕು ಎಂದಿದ್ದಾರಂತೆ. ಫೋನಿನಲ್ಲೇ ಕೇಳಿದ್ದಳು, ನಾನು ಟೈಪು ಮಾಡಿಸಿ ಇಟ್ಟಿದ್ದೆ. ಇಂಥ ಪತ್ರಗಳಲ್ಲಿ ಎಲ್ಲರಿಗೂ ಬರೆಯುವುದು ಒಂದೇ: ಇವರು ಪರಿಶ್ರಮಿ, ಪ್ರಾಮಾಣಿಕರು, ಸಮಯಪಾಲಕರು. ನಾನು ನಡುವಿನ ಪದವನ್ನು ಬಿಟ್ಟಿದ್ದೆ. ಸುಳ್ಳು ಬರೆಯಬಾರದು ಎಂದು ಅವಳಿಂದಲೇ ಕಲಿತಿದ್ದೇನೆ ಎಂದುಕೊಂಡಿದ್ದೆ. ಆ ವಾಕ್ಯ ಹೊಳೆದಾಗ ಅದರ ಹರಿತಕ್ಕೆ ನನಗೆ ಖುಷಿಯೂ ಆಗಿತ್ತು.

ಅವಳು ಪಕ್ಕದಲ್ಲಿ ಕುಳಿತು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಒಂದು ಕಡೆ ಬೆರಳು ನಿಂತಿತು, ಮತ್ತೆ ಮುಂದೆ ಹೋಯಿತು. ಮಡಚಿ ಚೀಲಕ್ಕೆ ಹಾಕಿಕೊಂಡಳು. ಎದ್ದು ಹೋಗಲಿಲ್ಲ.

ಒಳಗೆ ಕೊಂಕಣಿಯಲ್ಲಿ ಎಣಿಸುತ್ತಿದ್ದರು. ಗದ್ದಲದಲ್ಲಿ ನನಗೆ ಎಲ್ಲವೂ ತಿಳಿಯುತ್ತಿರಲಿಲ್ಲ. ಯಾರ ಸರದಿ, ಎಷ್ಟಕ್ಕೆ ನಿಂತಿತು, ಒಂದೂ ಗೊತ್ತಾಗಲಿಲ್ಲ. ಮಂಗಲಾಳಿಗೆ ಆ ಹೆಂಗಸರ ನಿಟ್ಟುಸಿರು ಕೇಳಿದರೂ ಸಾಕು, ಇಂಥವಳೇ ಎಂದು ಹೇಳಬಲ್ಲಳು. ಒಮ್ಮೆ ಒಳಗೆಲ್ಲ ಸುಮ್ಮನಾದರು. ಕೇಳಬಾರದು ಎಂದಿದ್ದರೂ ಕೇಳಿದೆ.

"ಯಾರದು?"

"ಮಂಜೀದು."

"ಎಷ್ಟು?"

ಅವಳು ನನ್ನ ಮುಖ ನೋಡಿದಳು. ಆ ನೋಟ ನನಗೆ ಗೊತ್ತು, ಹದಿನಾರು ವರ್ಷ ನೋಡಿದ್ದೇನೆ, ಏನೆಂದು ಈಗ ತಿಳಿದಿದೆ. ನಾನು ಮುಖ ತಿರುಗಿಸಲಿಲ್ಲ.

"ಐದು" ಎಂದಳು.

"ಐದೇ?"

"ಐದೇ ನೀತಾಬಾಯಿ. ಆರನೇದಕ್ಕೆ ಎದ್ದಿಲ್ಲ ಅವಳು, ಕೂತ್ಬಿಟ್ಲು."

ಸೆಪ್ಟೆಂಬರಿನಲ್ಲಿ ಆರಿತ್ತು. ಐದು ವಾರ ಪೇಟೆಯಲ್ಲಿ ಅವಳ ಎದುರು ಕುಳಿತು ಮಾಡಿಸಿದ್ದೆ. ಆರಾದರೂ ಇರುತ್ತದೆ, ಏಳಾಗಿರುತ್ತದೆ ಎಂದು ನಿನ್ನೆ ಬಸ್ಸಿನಲ್ಲಿ ಕುಳಿತು ಆಸೆಪಟ್ಟಿದ್ದೆ. ಮಂಗಲಾ ನೋಡುತ್ತಲೇ ಇದ್ದಳು, ಏನೂ ಸೇರಿಸಲಿಲ್ಲ.

ಹನ್ನೊಂದೂವರೆಗೆ ಗುಲಾಬಿ ಬಾಗಿಲು ತೆರೆದು ಚೀಟಿ ಕೊಟ್ಟಳು. ನಾನು ಮೊದಲು ಹುಡುಕಿದ್ದು ಮಂಜಿಯ ಸಾಲನ್ನು. ಐದು ಎಂದಿತ್ತು. ಕೆಳಗಿನ ಸಾಲುಗಳಲ್ಲಿ ಕೆಲವು ಹೆಚ್ಚಿದ್ದವು, ಹೊನ್ನಮ್ಮನದು ಹತ್ತಾಗಿತ್ತು, ಅವನ್ನು ಆಮೇಲೆ ನೋಡಿದೆ. ಮತ್ತೊಮ್ಮೆ ಮಂಜಿಯ ಸಾಲಿಗೆ ಬಂದೆ. ಐದೇ.

ಮಂಗಲಾ ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಆ ಪತ್ರ ಇಲ್ಲಿ ಕೊಡು, ಬೇರೆ ಟೈಪು ಮಾಡಿಸಬೇಕು, ನಾಳೆ ಬಂದು ತೆಗೆದುಕೊಂಡು ಹೋಗು ಎಂದೆ.

ಯಾಕೆ ಎಂದು ಅವಳು ಕೇಳಲಿಲ್ಲ. ಚೀಲದಿಂದ ತೆಗೆದು, ಮಡಿಕೆಯನ್ನು ಬೆರಳಿನಿಂದ ಸವರಿ ಸರಿ ಮಾಡಿ ಕೊಟ್ಟಳು. ನಾಳೆ ಹಲ್ಲಿನ ಡಾಕ್ಟರು ಬಿಡುವುದಿಲ್ಲ, ಶನಿವಾರ ಬರುತ್ತೇನೆ ಎಂದಳು.

ಶನಿವಾರ ಆಗಬಹುದು ಎಂದೆ.